ಮುಂದೆ ರಿಯಾಕ್ಟೋ ಫ್ಲಟರೋ, ಹಿಂದೆ ಜಾಂಗೊ ಇರಲೋ ನೋಡ್ ಇರಲೋ: ಜೋಡಿ ಆರಿಸುವವರಿಗೆ

ರಿಯಾಕ್ಟ್ ಒಳ್ಳೆಯದೋ ವ್ಯೂ ಒಳ್ಳೆಯದೋ, ನೋಡ್ ವೇಗವೋ ಜಾಂಗೊ ವೇಗವೋ ಎಂದು ಒಂದೊಂದನ್ನೂ ಬಿಡಿಯಾಗಿ ತೂಗುವ ಲೇಖನಗಳಿಗೆ ಬರವಿಲ್ಲ. ರಿಯಾಕ್ಟ್, ವ್ಯೂ ಬಳಕೆದಾರರಿಗೆ ಕಾಣುವ ಮುಂಭಾಗವನ್ನು ಕಟ್ಟುವ ಸಲಕರಣೆಗಳು; ನೋಡ್, ಜಾಂಗೊ ಸರ್ವರಿನಲ್ಲಿ ಓಡುವ ಹಿಂಭಾಗದವು. ಆದರೆ ಕೆಲಸಕ್ಕೆ ಇಳಿದ ಮೇಲೆ ತಂಡದ ವಾರಗಟ್ಟಲೆ ಸಮಯ ನುಂಗುವುದು ಈ ಎರಡೂ ಕೂಡುವ ಬೆಸುಗೆಯ ಜಾಗ. ಲಾಗಿನ್ ಆದವರು ಮರುಕ್ಷಣ ಹೊರಬೀಳುತ್ತಾರೆ. ವೆಬ್‌ನಲ್ಲಿ ಆರಿಸಿದ ತಾರೀಖು ಡೇಟಾಬೇಸಿನಲ್ಲಿ ಒಂದು ದಿನ ಹಿಂದೆ ಹೋಗಿ ಕೂರುತ್ತದೆ. ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನೊಳಗಿನ ನಕಲಿ ಫೋನಿನಲ್ಲಿ) ಓಡಿದ ಆ್ಯಪ್ ನಿಜವಾದ ಫೋನಿನಲ್ಲಿ ಸರ್ವರನ್ನೇ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಜೋಡಿಗಳನ್ನು ಆ ಬೆಸುಗೆಯ ಕಡೆಯಿಂದಲೇ ನೋಡಿದ್ದೇವೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕೆಲಸವನ್ನು ಎದುರಿಗೆ ಇಟ್ಟುಕೊಳ್ಳೋಣ. ಕೃಷಿ ಯಂತ್ರಧಾರೆ ಕೇಂದ್ರಗಳ ಹಾಗೆ, ಪವರ್ ಟಿಲ್ಲರ್, ರೋಟವೇಟರ್, ಭತ್ತ ನಾಟಿ ಯಂತ್ರಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಒಂದು ಸೇವೆ. ಅದಕ್ಕೆ ಮೂರು ಮುಖಗಳಿವೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗಬೇಕಾದ ಸಾರ್ವಜನಿಕ ವೆಬ್‌ಸೈಟ್, ಕಚೇರಿಯ ಸಿಬ್ಬಂದಿ ದಿನವಿಡೀ ಬಳಸುವ ಪ್ಯಾನೆಲ್, ರೈತರ ಕೈಯಲ್ಲಿರುವ ಆ್ಯಂಡ್ರಾಯ್ಡ್ ಆ್ಯಪ್. ಕಟ್ಟುವವರು ಮೂರು ನಾಲ್ಕು ಜನ. ನಮ್ಮ ಊರುಗಳ ಸಣ್ಣ ಕಂಪನಿಗಳು ಮಾಡುವ ಎಷ್ಟೋ ಕೆಲಸಗಳು ಹೆಚ್ಚುಕಡಿಮೆ ಇದೇ ಆಕಾರದವು.

ಮೊದಲು ಬೆಸುಗೆಗಳನ್ನು ಎಣಿಸಿ

ಮುಂಭಾಗ ಹಿಂಭಾಗಗಳನ್ನು ಕೂಡಿಸುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಹಳೆಯ ದಾರಿ: ಸರ್ವರೇ ಪೂರ್ತಿ ಎಚ್‌ಟಿಎಂಎಲ್ ತಯಾರಿಸಿ ಕಳಿಸುತ್ತದೆ, ಬೇಕಾದ ಕಡೆ ಎಚ್‌ಟಿಎಂಎಕ್ಸ್ ಎಂಬ ಸಣ್ಣ ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ ಸ್ವಲ್ಪ ಚುರುಕು ಸೇರಿಸುತ್ತೀರಿ. ಎರಡನೆಯದರಲ್ಲಿ ರಿಯಾಕ್ಟ್, ವ್ಯೂ ಅಥವಾ ಆಂಗ್ಯುಲರ್ ಆ್ಯಪ್ ಒಂದು ಕಡೆ, ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ರೂಪ) ಕೊಡುವ ಎಪಿಐ (ಆ್ಯಪ್‌ಗಳು ಸರ್ವರಿನಿಂದ ಮಾಹಿತಿ ಕೇಳುವ ಬಾಗಿಲು) ಇನ್ನೊಂದು ಕಡೆ. ಮೂರನೆಯದು ನೆಕ್ಸ್ಟ್ ಜೆಎಸ್, ನಕ್ಸ್ಟ್, ಸ್ವೆಲ್ಟ್‌ಕಿಟ್‌ನಂಥವು. ಅಲ್ಲಿ ಮುಂಭಾಗದ ಫ್ರೇಮ್‌ವರ್ಕೇ ತನ್ನದೊಂದು ಸರ್ವರ್ ಹೊತ್ತು ತರುತ್ತದೆ. ನಾಲ್ಕನೆಯದು ಫೈರ್‌ಬೇಸ್, ಸುಪಾಬೇಸ್: ಸರ್ವರ್ ಬರೆಯುವ ಬದಲು ಬಾಡಿಗೆಗೆ ಪಡೆದು, ಆ್ಯಪ್‌ನಿಂದ ನೇರವಾಗಿ ಡೇಟಾಬೇಸಿಗೆ ಮಾತಾಡುವುದು.

ಮೊದಲ ದಾರಿಯಲ್ಲಿ ವೆಬ್‌ಗೆ ಬೆಸುಗೆಯೇ ಇಲ್ಲ. ಎರಡನೆಯದರಲ್ಲಿ ಒಂದು. ಮೂರನೆಯದರಲ್ಲಿ ಒಂದೂ ಇಲ್ಲ ಎನ್ನಿಸುತ್ತದೆ, ಆದರೆ ಮೊಬೈಲ್ ಆ್ಯಪ್ ಬಂದ ದಿನ ಅದಕ್ಕೂ ಎಪಿಐ ಬೇಕಾಗಿ, ನೆಕ್ಸ್ಟ್‌ನ ಹಿಂದೆ ಮತ್ತೊಂದು ಸರ್ವರ್ ನಿಲ್ಲಿಸಿದರೆ ಬೆಸುಗೆ ಎರಡಾಗುತ್ತದೆ. ಸಣ್ಣ ತಂಡ ಹೆಚ್ಚು ಸಲ ಮುಗ್ಗರಿಸುವುದು ಇಲ್ಲೇ: ಬ್ರೌಸರ್, ನೆಕ್ಸ್ಟ್ ಸರ್ವರ್, ಎಪಿಐ ಸರ್ವರ್ ಮೂರೂ ಕಡೆ ಲಾಗಿನ್ ಹೊಂದಿಸಿಕೊಂಡು ಓಡಾಡುವ ಸ್ಥಿತಿ.

ಜೋಡಿಗಳು

ಪೈಥಾನ್ ಭಾಷೆಯ ಜಾಂಗೊ 2005ರಿಂದ ಇದೆ. ಅದರ ದೊಡ್ಡ ಬಲ ಒಳಗೇ ಬರುವ ಅಡ್ಮಿನ್, ಅಂದರೆ ಮಾಹಿತಿ ನೋಡಿ ತಿದ್ದುವ ಸಿದ್ಧ ಪರದೆಗಳು. ನಮ್ಮ ಬಾಡಿಗೆ ಸೇವೆಯ ಯಂತ್ರಗಳ ಪಟ್ಟಿ, ದರ, ಬುಕಿಂಗ್, ಸಿಬ್ಬಂದಿ ಅನುಮತಿ ಇವೆಲ್ಲವುಗಳ ಮೊದಲ ಆವೃತ್ತಿಯ ಪ್ಯಾನೆಲ್ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಇನ್ನೊಂದು ಕಾರಣವೂ ಇದೆ. ಒಂದೇ ಟಿಲ್ಲರನ್ನು ಇಬ್ಬರು ರೈತರು ಒಂದೇ ದಿನಕ್ಕೆ ಬುಕ್ ಮಾಡಬಾರದು. ಇದನ್ನು ಆ್ಯಪ್ ಕೋಡಿನಲ್ಲಿ ‘ಖಾಲಿ ಇದೆಯೇ ನೋಡು, ಇದ್ದರೆ ಸೇರಿಸು’ ಎಂದು ಬರೆದರೆ, ಇಬ್ಬರು ಒಂದೇ ಸೆಕೆಂಡಿನಲ್ಲಿ ಒತ್ತಿದಾಗ ಇಬ್ಬರಿಗೂ ಖಾಲಿ ಎಂದೇ ಕಾಣುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ತಾರೀಖಿನ ವ್ಯಾಪ್ತಿಗಳು ಒಂದರ ಮೇಲೊಂದು ಬೀಳದಂತೆ ತಡೆಯುವ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಇದೆ. ಜಾಂಗೊದ ಪೋಸ್ಟ್‌ಗ್ರೆಸ್ ಭಾಗ ಅದನ್ನು ಮಾಡೆಲ್‌ನಲ್ಲೇ ಬರೆಯಲು ಬಿಡುತ್ತದೆ. ಬಿಟ್ರೀ ಜಿಸ್ಟ್ ಎಕ್ಸ್‌ಟೆನ್ಷನ್ ಹಾಕಿರಬೇಕು, ಅಷ್ಟೆ. ಡೇಟಾಬೇಸೇ ಎರಡನೆಯ ಬುಕಿಂಗನ್ನು ತಳ್ಳಿಹಾಕುತ್ತದೆ. ಬುಕಿಂಗ್, ಸೀಟು, ರೂಮು, ಅಪಾಯಿಂಟ್‌ಮೆಂಟ್ ಯಾವುದೇ ಇರಲಿ, ಈ ಒಂದು ಗುಣಕ್ಕಾಗಿಯೇ ಪೋಸ್ಟ್‌ಗ್ರೆಸ್ ಕಡೆ ವಾಲಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಜಾಂಗೊ ಮುಂದೆ ರಿಯಾಕ್ಟ್ ನಿಲ್ಲಿಸುವವರನ್ನು ಕಾಡುವ ಒಂದು ವಿಷಯ ವಿಳಾಸದ ಕೊನೆಯ ಓರೆಗೆರೆ. ಜಾಂಗೊ ವಿಳಾಸಗಳು ವಾಡಿಕೆಯಂತೆ ಓರೆಗೆರೆಯಿಂದ ಮುಗಿಯುತ್ತವೆ. ರಿಯಾಕ್ಟ್ ಕಡೆಯವರು ಅದನ್ನು ಬಿಟ್ಟು ಪೋಸ್ಟ್ ವಿನಂತಿ (ಮಾಹಿತಿ ಕಳಿಸುವ ವಿನಂತಿ) ಕಳಿಸಿದರೆ, ಡಿಬಗ್ ಸ್ಥಿತಿಯಲ್ಲಿ ಜಾಂಗೊ ಎರರ್ ಎಸೆದು ಎಚ್ಚರಿಸುತ್ತದೆ. ಪ್ರೊಡಕ್ಷನ್‌ನಲ್ಲಿ ಸುಮ್ಮನೆ ರೀಡೈರೆಕ್ಟ್ ಮಾಡುತ್ತದೆ, ಬ್ರೌಸರ್ ಆ ಪೋಸ್ಟನ್ನು ಗೆಟ್ (ಪುಟ ಕೇಳುವ ವಿನಂತಿ) ಆಗಿ ಬದಲಿಸುತ್ತದೆ, ಫಾರ್ಮ್‌ನ ಮಾಹಿತಿ ಎಲ್ಲ ಮಾಯ. ‘ಸೇವ್ ಆಯಿತು ಅನ್ನುತ್ತೆ, ಆದರೆ ಆಗಿಲ್ಲ’ ಎಂಬ ದೂರು ಬಂದರೆ ಮೊದಲು ಇಲ್ಲಿ ನೋಡಿ.

ಅಡ್ಮಿನ್ ಬೇಡ, ಎಪಿಐ ಮಾತ್ರ ಸಾಕು, ಭಾಷೆ ಪೈಥಾನೇ ಇರಲಿ ಎನ್ನುವವರಿಗೆ ಫಾಸ್ಟ್‌ಎಪಿಐ ಇದೆ. ಯಾವ ವಿಳಾಸಕ್ಕೆ ಏನು ಕಳಿಸಬೇಕು ಎಂದು ಹೇಳುವ ಓಪನ್‌ಎಪಿಐ ವಿವರಣೆಯನ್ನು ಅದು ತಾನೇ ಹುಟ್ಟಿಸಿಕೊಡುತ್ತದೆ. ಅದರಿಂದ ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳಿರುವ ಜಾವಾಸ್ಕ್ರಿಪ್ಟ್) ಮತ್ತು ಡಾರ್ಟ್ (ಫ್ಲಟರ್‌ನ ಭಾಷೆ) ಎರಡಕ್ಕೂ ಕ್ಲೈಂಟ್ ಕೋಡನ್ನು ಯಂತ್ರವೇ ಬರೆಯುತ್ತದೆ. ಲಾಗಿನ್, ಮೈಗ್ರೇಷನ್ (ಡೇಟಾಬೇಸಿನ ರಚನೆ ಬದಲಿಸುವುದು), ಅನುಮತಿ ಇವನ್ನೆಲ್ಲ ನೀವೇ ಆರಿಸಿ ಜೋಡಿಸಿಕೊಳ್ಳಬೇಕು.

ಪಿಎಚ್‌ಪಿ ಭಾಷೆಯ ಲಾರಾವೆಲ್ ಜತೆ ವ್ಯೂ ಹಳೆಯ ಸ್ನೇಹ. ಇನರ್ಷಿಯಾ ಎಂಬ ಪದರ ನಡುವೆ ಬಂದ ಮೇಲೆ ಈ ಜೋಡಿಗೆ ಎಪಿಐ ಬರೆಯುವ ಅಗತ್ಯವೇ ಉಳಿಯಲಿಲ್ಲ: ಲಾರಾವೆಲ್ ಕಂಟ್ರೋಲರ್ ಡೇಟಾ ಕೊಡುತ್ತದೆ, ವ್ಯೂ ಅಥವಾ ರಿಯಾಕ್ಟ್ ಪುಟ ಅದನ್ನು ನೇರವಾಗಿ ಪಡೆಯುತ್ತದೆ, ಲಾಗಿನ್ ಮಾಮೂಲು ಸೆಷನ್ ಕುಕಿಯಲ್ಲೇ (ಬ್ರೌಸರ್ ತಾನೇ ಇಟ್ಟುಕೊಂಡು ಕಳಿಸುವ ಗುರುತು) ನಡೆಯುತ್ತದೆ. ಮೊಬೈಲಿಗೆ ಬೇಕಾದ ಕೆಲವೇ ಎಪಿಐಗಳನ್ನು ಪಕ್ಕದಲ್ಲಿ ಬರೆದುಕೊಂಡರೆ ಸಾಕು. ಲಾರಾವೆಲ್‌ನ ಸ್ಯಾಂಕ್ಟಮ್ ವೆಬ್‌ಗೆ ಕುಕಿ, ಮೊಬೈಲಿಗೆ ಟೋಕನ್ (ಆ್ಯಪ್ ಪ್ರತಿ ವಿನಂತಿಯ ಜತೆ ಕಳಿಸುವ ಗುರುತು) ಎರಡನ್ನೂ ಒಂದೇ ಕಡೆಯಿಂದ ಕೊಡುತ್ತದೆ. ಪಿಎಚ್‌ಪಿ ಬಲ್ಲವರು ಊರೂರಲ್ಲಿ ಸಿಗುತ್ತಾರೆ, ಹೋಸ್ಟಿಂಗ್ ಅಗ್ಗ. ಹೊಸತನದ ಹೊಳಪಿಲ್ಲ ಎಂದು ಇದನ್ನು ಬದಿಗೆ ಸರಿಸುವವರು ಒಳ್ಳೆಯ ಆಯ್ಕೆಯೊಂದನ್ನು ಕಳೆದುಕೊಳ್ಳುತ್ತಾರೆ.

ರಿಯಾಕ್ಟ್, ನೋಡ್, ಎಕ್ಸ್‌ಪ್ರೆಸ್, ಮಾಂಗೊಡಿಬಿ ಸೇರಿದ ‘ಮರ್ನ್’ ಬೆಂಗಳೂರಿನ ತರಬೇತಿ ಕೋರ್ಸುಗಳಲ್ಲಿ ತುಂಬ ಕಾಣುವ ಜೋಡಿ. ಎರಡೂ ಕಡೆ ಒಂದೇ ಭಾಷೆ ಎಂಬುದು ನಿಜವಾದ ಲಾಭ. ಟೈಪ್‌ಸ್ಕ್ರಿಪ್ಟ್ ಬಳಸಿ ಡೇಟಾದ ಆಕಾರವನ್ನು ಹಂಚಿಕೊಂಡರೆ ಬೆಸುಗೆ ಗಟ್ಟಿಯಾಗುತ್ತದೆ. ಎಚ್ಚರ ವಹಿಸಬೇಕಾದ್ದು ಎರಡು ಕಡೆ. ನೋಡ್ ನಿಮ್ಮ ಜಾವಾಸ್ಕ್ರಿಪ್ಟನ್ನು ಒಂದೇ ಥ್ರೆಡ್‌ನಲ್ಲಿ ಓಡಿಸುತ್ತದೆ. ತಿಂಗಳ ವರದಿಯ ದೊಡ್ಡ ಲೆಕ್ಕವನ್ನು ಅಲ್ಲೇ ಮಾಡಿದರೆ, ಅದು ಮುಗಿಯುವವರೆಗೆ ಉಳಿದ ಎಲ್ಲ ಬಳಕೆದಾರರೂ ಕಾಯುತ್ತಾರೆ. ಅಂಥದ್ದನ್ನು ಬೇರೆ ವರ್ಕರ್‌ಗೆ ಸಾಗಿಸಬೇಕು. ಇನ್ನು ಮಾಂಗೊ: ಯಂತ್ರ, ರೈತ, ಬುಕಿಂಗ್, ಪಾವತಿ ಎಂಬ ಒಂದಕ್ಕೊಂದು ಕಟ್ಟಿಕೊಂಡ ಮಾಹಿತಿಗೆ ಅದನ್ನು ಆರಿಸಲು ಕಾರಣವೇ ಇಲ್ಲ. ನೋಡ್ ಇಟ್ಟುಕೊಳ್ಳಿ, ಮಾಂಗೊ ತೆಗೆದು ಪೋಸ್ಟ್‌ಗ್ರೆಸ್ ಹಾಕಿ.

ಆಂಗ್ಯುಲರ್ ಜತೆ ಜಾವಾದ ಸ್ಪ್ರಿಂಗ್ ಬೂಟ್ ಬ್ಯಾಂಕು, ವಿಮೆ, ದೊಡ್ಡ ಕಂಪನಿಗಳ ಒಳಗಿನ ಕೆಲಸಗಳಿಗೆ ಹೇಳಿ ಮಾಡಿಸಿದ್ದು. ಹತ್ತಿಪ್ಪತ್ತು ಜನ ವರ್ಷಗಟ್ಟಲೆ ಕೋಡ್ ಮುಟ್ಟುವಾಗ ಅದರ ಶಿಸ್ತು ಕಾಯುತ್ತದೆ. ಮೂರು ಜನರ ತಂಡಕ್ಕೆ ಅದೇ ಶಿಸ್ತು ಹೊರೆ. ಜಾವಾ ಸರ್ವರಿಗೆ 512 ಎಂಬಿ ಮೆಮೊರಿಯ ಅಗ್ಗದ ಯಂತ್ರ ಇಕ್ಕಟ್ಟು. ಕನಿಷ್ಠ 1 ಜಿಬಿ ಇಟ್ಟುಕೊಳ್ಳಿ. ಒಂದು ಗುಪ್ತ ಹೊಂಡ ಇಲ್ಲಿದೆ: ಜಾವಾದ ಲಾಂಗ್ ಸಂಖ್ಯೆ ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡಿಯಬಲ್ಲ ಮಿತಿಯನ್ನು ದಾಟಬಲ್ಲದು. ಆ ಮಿತಿ 9007199254740991. ಅದಕ್ಕಿಂತ ದೊಡ್ಡ ಐಡಿ ಬ್ರೌಸರಿಗೆ ಬಂದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಿ, ‘ಅಂಥ ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ. ಅಂಥ ಐಡಿಗಳನ್ನು ಸ್ಟ್ರಿಂಗ್ ಆಗಿಯೇ ಕಳಿಸಬೇಕು.

ನೆಕ್ಸ್ಟ್ ಜೆಎಸ್ ಸಾರ್ವಜನಿಕ ಪುಟಗಳಿಗೆ ನಿಜಕ್ಕೂ ಚೆನ್ನ. ಪುಟ ಸರ್ವರಿನಲ್ಲೇ ತಯಾರಾಗುವುದರಿಂದ ಹುಡುಕಾಟಕ್ಕೂ ಸಿಗುತ್ತದೆ, ನಿಧಾನ ನೆಟ್‌ವರ್ಕ್‌ನಲ್ಲೂ ಬೇಗ ಕಾಣುತ್ತದೆ. ಸರ್ವರ್‌ಲೆಸ್ ಜಾಗದಲ್ಲಿ (ದಟ್ಟಣೆಗೆ ತಕ್ಕಂತೆ ಸರ್ವರಿನ ಪ್ರತಿಗಳು ತಾವೇ ಏಳುವ ಕಡೆ) ಇಟ್ಟಾಗ ಡೇಟಾಬೇಸ್ ಸಂಪರ್ಕಗಳ ಮೇಲೆ ಕಣ್ಣಿಡಬೇಕು. ಪೋಸ್ಟ್‌ಗ್ರೆಸ್ ಪೂರ್ವನಿಯೋಜಿತವಾಗಿ ಬಿಡುವುದು 100 ಸಂಪರ್ಕ. ನೋಡ್‌ನ ಪೋಸ್ಟ್‌ಗ್ರೆಸ್ ಪೂಲ್ ಸರ್ವರಿನ ಒಂದೊಂದು ಪ್ರತಿಗೂ 10ರವರೆಗೆ ತೆರೆಯುತ್ತದೆ. ದಟ್ಟಣೆ ಏರಿ 10 ಪ್ರತಿಗಳು ಎದ್ದು ನಿಂತರೆ ಪಾತ್ರೆ ತುಂಬಿತು, ಹನ್ನೊಂದನೆಯದಕ್ಕೆ ಬಾಗಿಲು ಮುಚ್ಚಿರುತ್ತದೆ. ನಡುವೆ ಪಿಜಿಬೌನ್ಸರ್ ಥರದ, ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ಪೂಲರ್ ಬೇಕೇ ಬೇಕು. ಮತ್ತೊಂದು ಮಾತು: 2025ರ ಮಾರ್ಚ್‌ನಲ್ಲಿ ಹೊರಬಿದ್ದ ನೆಕ್ಸ್ಟ್‌ನ ದೋಷವೊಂದರಲ್ಲಿ, ಒಂದು ವಿಶೇಷ ಹೆಡರ್ ಸೇರಿಸಿ ಕಳಿಸಿದರೆ ಪುಟಕ್ಕೆ ಮುಂಚೆ ಓಡುವ ಮಿಡಲ್‌ವೇರ್‌ನ ತಪಾಸಣೆಯನ್ನೇ ದಾಟಿ ಹೋಗಬಹುದಿತ್ತು. ಲಾಗಿನ್ ತಪಾಸಣೆಯನ್ನು ಮಿಡಲ್‌ವೇರ್‌ಗೆ ಮಾತ್ರ ಒಪ್ಪಿಸಿದ್ದವರು ಸಿಕ್ಕಿಬಿದ್ದರು. ಯಾವ ಫ್ರೇಮ್‌ವರ್ಕೇ ಆಗಲಿ, ಅನುಮತಿಯ ಪರೀಕ್ಷೆ ಡೇಟಾ ಓದುವ ಸಾಲಿನ ಪಕ್ಕದಲ್ಲೇ ಇರಬೇಕು.

ಫೈರ್‌ಬೇಸ್ ವೇಗವಾಗಿ ಶುರುವಾಗುತ್ತದೆ. ನೋಟಿಫಿಕೇಷನ್, ಫೋನ್ ಲಾಗಿನ್, ಆಫ್‌ಲೈನ್ ಸಂಗ್ರಹ ಎಲ್ಲ ಸಿದ್ಧ. ಆದರೆ ಅದರ ಡೇಟಾಬೇಸಾದ ಫೈರ್‌ಸ್ಟೋರ್ ಲೆಕ್ಕ ಹಾಕುವುದು ಓದಿದ ದಾಖಲೆಗಳ ಮೇಲೆ. ಉಚಿತ ಮಿತಿ ದಿನಕ್ಕೆ 50,000 ಓದು. ಕಚೇರಿ ಪ್ಯಾನೆಲ್ 200 ಬುಕಿಂಗ್‌ಗಳ ಪಟ್ಟಿ ತೋರಿಸುತ್ತದೆ ಎನ್ನಿ, 10 ಸಿಬ್ಬಂದಿ ತಲಾ 25 ಸಲ ಪುಟ ತೆರೆದರೆ ಅಲ್ಲಿಗೇ 50,000 ಮುಗಿಯಿತು, ರೈತರ ಆ್ಯಪ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಸುಪಾಬೇಸ್ ಒಳಗೆ ಪೋಸ್ಟ್‌ಗ್ರೆಸ್ ಇರುವುದರಿಂದ ಬುಕಿಂಗ್ ತಡೆಯಂಥದ್ದೆಲ್ಲ ಸಾಧ್ಯ. ಅಲ್ಲಿ ಅಪಾಯ ಬೇರೆ ಥರದ್ದು: ಸಾರ್ವಜನಿಕ ಕೀ ಆ್ಯಪ್ ಒಳಗೇ ಇರುತ್ತದೆ, ಹಾಗಾಗಿ ಪ್ರತಿ ಟೇಬಲ್‌ಗೂ ಸಾಲುಮಟ್ಟದ ಭದ್ರತಾ ನಿಯಮ ಹಾಕದಿದ್ದರೆ ಆ ಕೀ ಹಿಡಿದ ಯಾರು ಬೇಕಾದರೂ ರೈತರ ಫೋನ್ ನಂಬರುಗಳನ್ನು ಓದಬಹುದು.

ಕೈಯಲ್ಲಿರುವ ಆ್ಯಪ್

ಫ್ಲಟರ್ 1.0 ಬಂದದ್ದು 2018ರ ಡಿಸೆಂಬರ್‌ನಲ್ಲಿ. ರಿಯಾಕ್ಟ್ ನೇಟಿವ್ 2015ರಿಂದ ಇದೆ. ತಂಡಕ್ಕೆ ರಿಯಾಕ್ಟ್ ಬರುತ್ತಿದ್ದರೆ ಎಕ್ಸ್‌ಪೋ ಎಂಬ ಸಲಕರಣೆಯ ಜತೆ ರಿಯಾಕ್ಟ್ ನೇಟಿವ್ ಆರಿಸುವುದು ಸಹಜ. ಎಲ್ಲವನ್ನೂ ಹೊಸದಾಗಿ ಕಲಿಯುವವರಾದರೆ ಫ್ಲಟರ್ ಬೇಗ ಕೈಹಿಡಿಯುತ್ತದೆ, ಬೇರೆ ಬೇರೆ ಫೋನುಗಳಲ್ಲಿ ಒಂದೇ ಥರ ಕಾಣುತ್ತದೆ. ಆದರೆ ಫ್ಲಟರ್‌ನಲ್ಲೇ ಸಾರ್ವಜನಿಕ ವೆಬ್‌ಸೈಟನ್ನೂ ಮಾಡಿ ಮುಗಿಸೋಣ ಎಂಬ ಆಸೆ ಬೇಡ. ಅದು ಪುಟವನ್ನು ಕ್ಯಾನ್ವಾಸ್ ಮೇಲೆ ಚಿತ್ರವಾಗಿ ಬಿಡಿಸುತ್ತದೆ. ಹುಡುಕಾಟಕ್ಕೆ ಸಿಗುವುದು ಕಷ್ಟ, ಮೊದಲ ಸಲ ತೆರೆಯಲು ಭಾರ.

ಆ್ಯಪ್ ಸರ್ವರನ್ನು ಮುಟ್ಟುತ್ತಿಲ್ಲ ಎಂದಾಗ ಪರೀಕ್ಷಿಸುವ ಕ್ರಮ ಹೀಗಿರಲಿ. ಆ್ಯಂಡ್ರಾಯ್ಡ್ ಎಮ್ಯುಲೇಟರ್ ಒಳಗೆ ‘ಲೋಕಲ್‌ಹೋಸ್ಟ್’ ಎಂದರೆ ಎಮ್ಯುಲೇಟರೇ. ನಿಮ್ಮ ಕಂಪ್ಯೂಟರ್ ಬೇಕಿದ್ದರೆ 10.0.2.2 ಎಂದು ಕೊಡಬೇಕು. ನಿಜವಾದ ಫೋನಾದರೆ ಕಂಪ್ಯೂಟರಿನ ವೈಫೈ ವಿಳಾಸ ಕೊಟ್ಟು, ಸರ್ವರನ್ನು 0.0.0.0 ಮೇಲೆ ಕೂರಿಸಬೇಕು. ಜಾಂಗೊ ಆದರೆ ಆ ವಿಳಾಸವನ್ನು ಅನುಮತಿಸಿದ ಹೋಸ್ಟ್‌ಗಳ ಪಟ್ಟಿಗೂ ಸೇರಿಸಬೇಕು. ಆ್ಯಂಡ್ರಾಯ್ಡ್ 9ರಿಂದ ಎಚ್‌ಟಿಟಿಪಿಎಸ್ ಇಲ್ಲದ ಸಂಪರ್ಕವನ್ನು ವ್ಯವಸ್ಥೆಯೇ ತಡೆಯುತ್ತದೆ, ಡಿಬಗ್ ಆವೃತ್ತಿಗೆ ಮಾತ್ರ ವಿನಾಯಿತಿ ಬರೆದುಕೊಳ್ಳಿ. ಡಿಬಗ್‌ನಲ್ಲಿ ಎಲ್ಲ ಸರಿಯಿದ್ದು ರಿಲೀಸ್ ಎಪಿಕೆ (ಬಿಡುಗಡೆಯ ಆ್ಯಪ್ ಕಡತ) ಮಾತ್ರ ಮೌನವಾಗಿದ್ದರೆ, ಫ್ಲಟರ್‌ನಲ್ಲಿ ಮುಖ್ಯ ಮ್ಯಾನಿಫೆಸ್ಟ್ ಕಡತ ತೆರೆದು ನೋಡಿ: ಇಂಟರ್ನೆಟ್ ಅನುಮತಿಯ ಸಾಲು ಡಿಬಗ್ ಕಡತದಲ್ಲಿ ತಾನಾಗಿ ಇರುತ್ತದೆ, ಮುಖ್ಯ ಕಡತದಲ್ಲಿ ಇಲ್ಲದಿದ್ದರೆ ನೀವೇ ಬರೆಯಬೇಕು.

ವೆಬ್‌ಗೂ ಮೊಬೈಲಿಗೂ ಇರುವ ದೊಡ್ಡ ವ್ಯತ್ಯಾಸ ಹಳೆಯ ಆವೃತ್ತಿಗಳದು. ವೆಬ್‌ಸೈಟ್ ಬದಲಿಸಿದರೆ ಮುಂದಿನ ಸಲ ತೆರೆದವರಿಗೆಲ್ಲ ಹೊಸದೇ. ಆ್ಯಪ್ ಅಪ್‌ಡೇಟ್ ಮಾಡದವರು ತಿಂಗಳುಗಟ್ಟಲೆ ಹಳೆಯದನ್ನೇ ಬಳಸುತ್ತಾರೆ. ಫೋನಿನಲ್ಲಿ ಜಾಗವಿಲ್ಲ, ಡೇಟಾ ಖರ್ಚು ಎಂಬ ಕಾರಣಗಳು ಹಳ್ಳಿಯಲ್ಲಿ ನಿಜವಾದವು. ಆದ್ದರಿಂದ ಎಪಿಐನಲ್ಲಿ ಹೊಸ ಹೆಸರನ್ನು ಸೇರಿಸಬಹುದು, ಇರುವ ಹೆಸರನ್ನು ತೆಗೆಯಬಾರದು. ಮೊದಲ ಬಿಡುಗಡೆಯಲ್ಲೇ ವಿಳಾಸದಲ್ಲಿ ಆವೃತ್ತಿ ಸಂಖ್ಯೆ ಇರಲಿ, ಜತೆಗೆ ‘ಈ ಆವೃತ್ತಿಗಿಂತ ಹಳೆಯದಾದರೆ ಅಪ್‌ಡೇಟ್ ಕೇಳು’ ಎನ್ನುವ ಒಂದು ಪರೀಕ್ಷೆಯೂ ಇರಲಿ. ಎರಡನೆಯ ಬಿಡುಗಡೆಯಲ್ಲಿ ಸೇರಿಸೋಣ ಎಂದರೆ ಮೊದಲನೆಯದನ್ನು ಹಾಕಿಕೊಂಡವರನ್ನು ತಲುಪುವ ದಾರಿಯೇ ಇರುವುದಿಲ್ಲ.

ಲಾಗಿನ್ ಮತ್ತು ಡೊಮೇನ್

ಬ್ರೌಸರಿಗೆ ಜಾವಾಸ್ಕ್ರಿಪ್ಟ್ ಓದಲಾಗದ ಎಚ್‌ಟಿಟಿಪಿ ಓನ್ಲಿ ಕುಕಿ, ಮೊಬೈಲಿಗೆ ಟೋಕನ್. ಇಷ್ಟನ್ನು ಮೊದಲೇ ತೀರ್ಮಾನಿಸಿ. ಟೋಕನನ್ನು ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಿ ಇಡುವುದು ಸುಲಭ, ಆದರೆ ಪುಟಕ್ಕೆ ನುಸುಳಿದ ಯಾವುದೇ ಹೊರಗಿನ ಸ್ಕ್ರಿಪ್ಟ್ ಅದನ್ನು ಎತ್ತಿಕೊಂಡು ಹೋಗಬಲ್ಲದು. ಮೊಬೈಲಿನಲ್ಲಿ ಆ್ಯಂಡ್ರಾಯ್ಡ್ ಕೀಸ್ಟೋರ್, ಐಒಎಸ್ ಕೀಚೈನ್ ಇವೆ; ಫ್ಲಟರ್‌ಗೂ ಎಕ್ಸ್‌ಪೋಗೂ ಅವನ್ನು ಬಳಸುವ ಸಿದ್ಧ ಪ್ಯಾಕೇಜ್‌ಗಳಿವೆ.

ರೈತರು ದಿನಾ ಲಾಗಿನ್ ಆಗುವವರಲ್ಲ. 15 ನಿಮಿಷದ ಆಕ್ಸೆಸ್ ಟೋಕನ್, ಅದನ್ನು ಹೊಸದಾಗಿ ಪಡೆಯಲು 60 ಅಥವಾ 90 ದಿನದ ರಿಫ್ರೆಶ್ ಟೋಕನ್ ಇಲ್ಲಿ ಹೊಂದುತ್ತದೆ. ರಿಫ್ರೆಶ್ ಟೋಕನ್ ಒಂದೇ ಸಲ ಬಳಕೆಯದ್ದಾದರೆ ಒಂದು ತೊಡಕು: ಆ್ಯಪ್ ತೆರೆದಾಗ ನಾಲ್ಕು ವಿನಂತಿಗಳು ಒಟ್ಟಿಗೆ ಹೋಗಿ, ನಾಲ್ಕಕ್ಕೂ 401 (ಲಾಗಿನ್ ಇಲ್ಲ) ಬಂದು, ನಾಲ್ಕೂ ಪ್ರತ್ಯೇಕವಾಗಿ ರಿಫ್ರೆಶ್ ಕೇಳುತ್ತವೆ. ಮೊದಲನೆಯದಕ್ಕೆ ಹೊಸ ಟೋಕನ್ ಸಿಗುತ್ತದೆ, ಉಳಿದ ಮೂರೂ ಸೋಲುತ್ತವೆ, ಆ್ಯಪ್ ಬಳಕೆದಾರರನ್ನು ಹೊರಗೆ ಹಾಕುತ್ತದೆ. ಒಂದು ರಿಫ್ರೆಶ್ ನಡೆಯುತ್ತಿರುವಾಗ ಉಳಿದವು ಅದರ ಉತ್ತರಕ್ಕೇ ಕಾಯುವಂತೆ ಬರೆಯಬೇಕು.

ವೆಬ್ ಒಂದು ಡೊಮೇನ್‌ನಲ್ಲಿ, ಎಪಿಐ ಸಂಪೂರ್ಣ ಬೇರೆ ಡೊಮೇನ್‌ನಲ್ಲಿ ಇದ್ದರೆ ಕುಕಿ ಲಾಗಿನ್ ಬಗ್ಗೆ ಆಸೆ ಬಿಡಿ. ಕ್ರೋಮ್ 2020ರಿಂದ ಏನೂ ಹೇಳದ ಕುಕಿಗಳನ್ನು ‘ಲ್ಯಾಕ್ಸ್’ ಎಂದೇ, ಅಂದರೆ ಬೇರೆ ಸೈಟಿನ ಒಳವಿನಂತಿಗಳ ಜತೆ ಕಳಿಸಬಾರದವು ಎಂದೇ, ಎಣಿಸುತ್ತದೆ. ಸಫಾರಿ ಅದೇ ವರ್ಷದಿಂದ ಮೂರನೆಯವರ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ. ಕ್ರೋಮ್‌ನಲ್ಲಿ ಹೇಗೋ ಹೊಂದಿಸಿದರೂ ಐಫೋನ್ ಇರುವವರಿಗೆ ಲಾಗಿನ್ ನಿಲ್ಲುವುದಿಲ್ಲ. ಒಂದೇ ಡೊಮೇನ್‌ನ ಎರಡು ಉಪಡೊಮೇನ್‌ಗಳಾದರೆ ಕುಕಿ ದಾಟುತ್ತದೆ, ಕಾರ್ಸ್ ಅನುಮತಿ (ಬೇರೆ ವಿಳಾಸದ ಪುಟ ಎಪಿಐ ಕರೆಯಬಹುದು ಎಂದು ಸರ್ವರ್ ಹೇಳುವುದು) ಮಾತ್ರ ಬೇಕು. ಎಲ್ಲಕ್ಕಿಂತ ನೆಮ್ಮದಿಯದು ಒಂದೇ ವಿಳಾಸ: ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮುಂದೆ ನಿಂತು ‘/ಎಪಿಐ/’ ಎಂದು ಶುರುವಾಗುವುದನ್ನು ಸರ್ವರಿಗೆ, ಉಳಿದದ್ದನ್ನು ರಿಯಾಕ್ಟ್ ಕಡತಗಳಿಗೆ ಕಳಿಸಿದರೆ ಕಾರ್ಸ್ ಎಂಬ ತಾಪತ್ರಯವೇ ಇಲ್ಲ. ಅಭಿವೃದ್ಧಿಯ ಸಮಯದಲ್ಲಿ ರಿಯಾಕ್ಟ್ ಪುಟಗಳನ್ನು ಓಡಿಸುವ ವೀಟ್ 5173ನೇ ಪೋರ್ಟ್‌ನಲ್ಲಿ, ಜಾಂಗೊ 8000ದಲ್ಲಿ ಇರುತ್ತವೆ. ವೀಟ್‌ನ ಪ್ರಾಕ್ಸಿ ಸೆಟ್ಟಿಂಗ್‌ನಲ್ಲಿ ಅದೇ ‘/ಎಪಿಐ/’ ಹಾದಿಯನ್ನು 8000ಕ್ಕೆ ತಿರುಗಿಸಿದರೆ ಎರಡೂ ಕಡೆ ಒಂದೇ ನಡೆ.

ಎಂಜಿನ್‌ಎಕ್ಸ್‌ನಲ್ಲಿ ಎರಡು ಸಾಲು ಜೋಪಾನ. ಸರ್ವರಿಗೆ ತಿರುಗಿಸುವ ವಿಳಾಸದ ಕೊನೆಗೆ ಓರೆಗೆರೆ ಇದ್ದರೆ ‘/ಎಪಿಐ/’ ಭಾಗ ಕಳಚಿ ಹೋಗುತ್ತದೆ, ಇಲ್ಲದಿದ್ದರೆ ಹಾಗೇ ಉಳಿಯುತ್ತದೆ. ಸರ್ವರ್ ಏನು ನಿರೀಕ್ಷಿಸುತ್ತದೋ ಅದರಂತೆ ಇರಿಸಿ. ಮತ್ತೆ, ಗೊತ್ತಿಲ್ಲದ ವಿಳಾಸಕ್ಕೆಲ್ಲ ರಿಯಾಕ್ಟ್‌ನ ಮುಖಪುಟ ಕೊಡು ಎಂಬ ನಿಯಮ ಬೇಕು, ಇಲ್ಲದಿದ್ದರೆ ಒಳಪುಟದಲ್ಲಿ ರಿಫ್ರೆಶ್ ಒತ್ತಿದಾಗ 404. ಈ ನಿಯಮ ಹಾಕಿದ ಮೇಲೆ ಎಪಿಐ ವಿಳಾಸ ತಪ್ಪಾಗಿ ಬರೆದರೂ 200 ಎಂದೇ ಉತ್ತರ, ಒಳಗೆ ಮಾತ್ರ ಎಚ್‌ಟಿಎಂಎಲ್. ಜೇಸನ್ ಓದಲು ಹೋದ ಕೋಡು ಮೊದಲ ಅಕ್ಷರವಾದ ‘<’ ಕಂಡು ಎರರ್ ಕೊಡುತ್ತದೆ. ಆ ಎರರ್ ಕಂಡರೆ ಜೇಸನ್ ಬಿಟ್ಟು ವಿಳಾಸವನ್ನು ನೋಡಿ.

ಬೇರೆ ಉಪಡೊಮೇನ್ ಇಟ್ಟವರು ನೆನಪಿಡಬೇಕಾದ ಸಂಗತಿ: ಬ್ರೌಸರ್ ‘ಕಾರ್ಸ್ ಎರರ್’ ಎಂದಾಗಲೆಲ್ಲ ತಪ್ಪು ಕಾರ್ಸ್‌ನದ್ದಲ್ಲ. ರೈತ ಜಮೀನಿನ ಪಹಣಿಯ ಫೋಟೊ ಹಾಕುತ್ತಾನೆ, 3 ಎಂಬಿ. ಎಂಜಿನ್‌ಎಕ್ಸ್‌ನ ಪೂರ್ವನಿಯೋಜಿತ ಮಿತಿ 1 ಎಂಬಿ. ಅದು ಅಲ್ಲೇ 413 (ಕಳಿಸಿದ್ದು ತೀರ ದೊಡ್ಡದು) ಎಂದು ತಿರುಗಿಸಿ ಕಳಿಸುತ್ತದೆ. ಆ ಉತ್ತರಕ್ಕೆ ನಿಮ್ಮ ಆ್ಯಪ್ ಸರ್ವರ್ ಹಾಕುವ ಅನುಮತಿ ಹೆಡರ್ ಇರುವುದಿಲ್ಲ, ಹಾಗಾಗಿ ಬ್ರೌಸರಿಗೆ ಅದು ಕಾರ್ಸ್ ತಪ್ಪಾಗಿ ಕಾಣುತ್ತದೆ. ಸಣ್ಣ ಫೋಟೊ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಎಂದರೆ ಇದೇ ಕಥೆ. ಎಂಜಿನ್‌ಎಕ್ಸ್‌ನಲ್ಲಿ ಮಿತಿ ಏರಿಸಿದ ಮೇಲೆ ಸ್ಪ್ರಿಂಗ್ ಬೂಟ್‌ನದೂ ಏರಿಸಬೇಕು, ಅದರದೂ ಕಡತವೊಂದಕ್ಕೆ 1 ಎಂಬಿ. ಎಕ್ಸ್‌ಪ್ರೆಸ್‌ನ ಜೇಸನ್ ಮಿತಿ 100 ಕೆಬಿ.

ತಾರೀಖು, ದುಡ್ಡು, ಕನ್ನಡ

ಇಂಡಿಯಾದ ಗಡಿಯಾರ ಜಾಗತಿಕ ಸಮಯವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದು. ಪ್ಯಾನೆಲ್‌ನ ಕ್ಯಾಲೆಂಡರಿನಲ್ಲಿ ಸಿಬ್ಬಂದಿ ಆಗಸ್ಟ್ 15 ಆರಿಸಿದರೆ ಜಾವಾಸ್ಕ್ರಿಪ್ಟ್ ಅದನ್ನು ಇಲ್ಲಿನ ಮಧ್ಯರಾತ್ರಿ ಎಂದು ಹಿಡಿಯುತ್ತದೆ. ಜೇಸನ್ ಮಾಡುವಾಗ ಅದೇ ಕ್ಷಣ ಯುಟಿಸಿಗೆ ಬದಲಾಗಿ ಆಗಸ್ಟ್ 14, 18:30 ಆಗುತ್ತದೆ. ಸರ್ವರ್ ಕಡೆಯವರು ಸಮಯ ಬೇಡವೆಂದು ತಾರೀಖಿನ ಭಾಗ ಮಾತ್ರ ಕತ್ತರಿಸಿಕೊಂಡರೆ ಟಿಲ್ಲರ್ 14ಕ್ಕೆ ಬುಕ್. ಫ್ಲಟರ್ ಆ್ಯಪ್ ಸ್ಥಳೀಯ ಸಮಯವನ್ನು ವಲಯದ ಗುರುತಿಲ್ಲದೆ ಹಾಗೇ ಕಳಿಸುವುದರಿಂದ ಅಲ್ಲಿಂದ ಬಂದದ್ದು 15 ಆಗಿಯೇ ಉಳಿಯುತ್ತದೆ. ಒಂದೇ ಎಪಿಐ, ಎರಡು ಉತ್ತರ. ದಿನ ಮಾತ್ರ ಬೇಕಾದಲ್ಲಿ ‘2025-08-15’ ಎಂಬ ಸರಳ ಸ್ಟ್ರಿಂಗ್ ಕಳಿಸಿ, ಡೇಟಾಬೇಸಿನಲ್ಲೂ ಡೇಟ್ ಮಾದರಿಯಲ್ಲೇ ಇಡಿ. ಪಾವತಿಯಾದ ಗಳಿಗೆಯಂಥ ನಿಜವಾದ ಸಮಯಗಳು ಮಾತ್ರ ಯುಟಿಸಿಯಲ್ಲಿರಲಿ.

ದುಡ್ಡು ಪೈಸೆಯ ಪೂರ್ಣಾಂಕದಲ್ಲೇ ಓಡಾಡಲಿ. ಜಾಂಗೊ ರೆಸ್ಟ್ ಫ್ರೇಮ್‌ವರ್ಕ್ ದಶಮಾಂಶ ಸಂಖ್ಯೆಯನ್ನು ಸ್ಟ್ರಿಂಗ್ ಆಗಿ ಕಳಿಸುತ್ತದೆ. ರಿಯಾಕ್ಟ್‌ನಲ್ಲಿ ಬಾಡಿಗೆ 450.00ಕ್ಕೆ ಸಾಗಣೆ 50 ಕೂಡಿಸಿದರೆ 450.0050 ಎಂದು ಅಂಟಿಕೊಳ್ಳುತ್ತದೆ. ಸಂಖ್ಯೆಯಾಗಿಯೇ ಕಳಿಸಿದರೆ ಡಾರ್ಟ್‌ಗೆ ಇನ್ನೊಂದು ಕಷ್ಟ: 450.5 ಡಬಲ್ ಆಗುತ್ತದೆ, 450 ಇಂಟ್ ಆಗುತ್ತದೆ, ಡಬಲ್ ಎಂದು ಬರೆದ ಸಾಲು ಪೂರ್ತಿ ರೂಪಾಯಿಯ ದಿನ ಮಾತ್ರ ಕುಸಿಯುತ್ತದೆ. 45000 ಪೈಸೆ ಎಂದರೆ ಎಲ್ಲ ಕಡೆಯೂ ಒಂದೇ. ಪಾವತಿ ಸೇವೆಯಾದ ರೇಜರ್‌ಪೇ ಕೂಡ ಮೊತ್ತವನ್ನು ಪೈಸೆಯಲ್ಲೇ ಕೇಳುತ್ತದೆ.

ಪಾವತಿಯಾಯಿತೆಂದು ಆ್ಯಪ್ ಹೇಳಿದ್ದನ್ನು ನಂಬಬಾರದು, ಪಾವತಿ ಸೇವೆಯಿಂದ ನೇರವಾಗಿ ಸರ್ವರಿಗೆ ಬರುವ ಸೂಚನೆ, ಅಂದರೆ ವೆಬ್‌ಹುಕ್ ನೋಡಬೇಕು. ಅದರ ಸಹಿಯನ್ನು ಬಂದ ಬೈಟ್‌ಗಳ ಮೇಲೆಯೇ ಲೆಕ್ಕ ಹಾಕಬೇಕು. ಎಕ್ಸ್‌ಪ್ರೆಸ್‌ನಲ್ಲಿ ಜೇಸನ್ ಪಾರ್ಸರ್ ಮೊದಲೇ ಓಡಿ, ನೀವು ಅದನ್ನು ಮತ್ತೆ ಸ್ಟ್ರಿಂಗ್ ಮಾಡಿದರೆ ಒಂದು ಖಾಲಿ ಜಾಗ ಬದಲಾದರೂ ಸಹಿ ಹೊಂದುವುದಿಲ್ಲ. ವೆಬ್‌ಹುಕ್ ಹಾದಿಗೆ ಕಚ್ಚಾ ಪಾರ್ಸರನ್ನು ಮೊದಲು ಕಟ್ಟಿ. ಜಾಂಗೊದಲ್ಲಿ ಬಾಡಿಯನ್ನು ಮೊದಲು ಓದಿಟ್ಟುಕೊಂಡು ಆಮೇಲೆ ಜೇಸನ್ ಬಿಡಿಸಿ. ಒಂದೇ ಸೂಚನೆ ಎರಡು ಸಲ ಬರಬಹುದು, ಎರಡನೆಯದನ್ನು ಗುರುತಿಸಿ ಬಿಡಬೇಕು. ಮಲೆನಾಡಿನ ನೆಟ್‌ವರ್ಕ್‌ನಲ್ಲಿ ಬುಕಿಂಗ್ ಬಟನ್‌ಗೂ ಇದೇ ರಕ್ಷಣೆ ಬೇಕು: ಉತ್ತರ ಬರುವ ಮೊದಲೇ ಸಿಗ್ನಲ್ ಹೋದರೆ ರೈತ ಮತ್ತೆ ಒತ್ತುತ್ತಾನೆ. ಆ್ಯಪ್ ಪ್ರತಿ ಬುಕಿಂಗ್‌ಗೂ ಒಂದು ಯುಯುಐಡಿ (ಮತ್ತೆಲ್ಲೂ ಬರದ ಗುರುತು) ಹುಟ್ಟಿಸಿ, ಮತ್ತೆ ಕಳಿಸುವಾಗಲೂ ಅದನ್ನೇ ಕಳಿಸಲಿ. ಡೇಟಾಬೇಸಿನಲ್ಲಿ ಅದರ ಮೇಲೆ ಯೂನಿಕ್ ನಿಯಮವಿರಲಿ.

ಕನ್ನಡದ ಹೆಸರುಗಳ ಉದ್ದವನ್ನು ಒಂದೊಂದು ಭಾಷೆ ಒಂದೊಂದು ಥರ ಎಣಿಸುತ್ತದೆ. ‘ಕನ್ನಡ’ ಎಂಬುದು ಜಾವಾಸ್ಕ್ರಿಪ್ಟ್, ಪೈಥಾನ್, ಡಾರ್ಟ್, ಜಾವಾಗಳಲ್ಲಿ 5. ಗೋ ಭಾಷೆಯ ಲೆನ್, ಪಿಎಚ್‌ಪಿಯ ಎಸ್‌ಟಿಆರ್‌ಲೆನ್‌ಗಳಲ್ಲಿ ಬೈಟ್ ಲೆಕ್ಕವಾದ್ದರಿಂದ 15. ಫಾರ್ಮ್ 50 ಎಂದು ಬಿಟ್ಟು ಸರ್ವರ್ ಬೈಟ್‌ನಲ್ಲಿ 50 ಎಂದು ತಡೆದರೆ ಸ್ವಲ್ಪ ಉದ್ದದ ಕನ್ನಡ ಹೆಸರೆಲ್ಲ ತಿರಸ್ಕೃತ. ಇದಕ್ಕಿಂತ ಸೂಕ್ಷ್ಮವಾದದ್ದು ಸ್ವರಚಿಹ್ನೆಗಳದು. ‘ೋ’ ಒಂದೇ ಸಂಕೇತವಾಗಿಯೂ ಬರಬಹುದು, ಬಿಡಿಸಿಟ್ಟ ಎರಡು ಮೂರು ಸಂಕೇತಗಳಾಗಿಯೂ ಬರಬಹುದು. ಪರದೆಯಲ್ಲಿ ಒಂದೇ, ಹೋಲಿಸಿದರೆ ಬೇರೆ. ‘ಲೋಕೇಶ’ ಎಂದು ಹುಡುಕಿದರೆ ಇರುವ ಲೋಕೇಶನೇ ಸಿಗದಿರಲು ಇದು ಕಾರಣ. ಉಳಿಸುವ ಮೊದಲೂ ಹುಡುಕುವ ಮೊದಲೂ ಎನ್‌ಎಫ್‌ಸಿ ಎಂಬ, ಕೂಡಿಸಿಟ್ಟ ಯೂನಿಕೋಡ್ ರೂಪಕ್ಕೆ ತರಬೇಕು, ಅದೂ ಸರ್ವರಿನ ಒಂದೇ ಜಾಗದಲ್ಲಿ. ಕಚೇರಿಗೆ ಸಿಎಸ್‌ವಿ ಕೊಡುವುದಿದ್ದರೆ ಕಡತದ ತಲೆಗೆ ಯುಟಿಎಫ್-8 ಬಿಒಎಂ ಎಂಬ ಗುರುತು ಹಾಕಿ, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಕನ್ನಡ ಚೆಲ್ಲಾಪಿಲ್ಲಿ.

ನಮ್ಮ ಬಾಡಿಗೆ ಸೇವೆಗೆ

ಮೂರು ನಾಲ್ಕು ಜನರ ತಂಡಕ್ಕೆ ನಾವು ಹೇಳುವುದು ಜಾಂಗೊ, ಪೋಸ್ಟ್‌ಗ್ರೆಸ್, ಫ್ಲಟರ್. ಸಾರ್ವಜನಿಕ ಪುಟಗಳು ಜಾಂಗೊ ಟೆಂಪ್ಲೇಟ್‌ನಲ್ಲಿ, ಕಚೇರಿ ಪ್ಯಾನೆಲ್ ಅಡ್ಮಿನ್ ಮತ್ತು ಎಚ್‌ಟಿಎಂಎಕ್ಸ್‌ನಲ್ಲಿ, ಎಪಿಐ ಫ್ಲಟರ್‌ಗೆ ಮಾತ್ರ. ರಿಯಾಕ್ಟ್ ಇಲ್ಲಿ ಬೇಕಿಲ್ಲ. ಒಂದೇ ಬೆಸುಗೆ ಉಳಿಯುತ್ತದೆ. ತಂಡಕ್ಕೆ ಪಿಎಚ್‌ಪಿ ಬಂದರೆ ಲಾರಾವೆಲ್, ಇನರ್ಷಿಯಾ, ವ್ಯೂ ಅಷ್ಟೇ ಒಳ್ಳೆಯದು. ಎಲ್ಲರೂ ಜಾವಾಸ್ಕ್ರಿಪ್ಟ್‌ನವರೇ ಆದರೆ ನೋಡ್ ಮತ್ತು ಪೋಸ್ಟ್‌ಗ್ರೆಸ್ ಮೇಲೆ ಒಂದು ಎಪಿಐ, ಪ್ಯಾನೆಲ್‌ಗೆ ರಿಯಾಕ್ಟ್, ಆ್ಯಪ್‌ಗೆ ರಿಯಾಕ್ಟ್ ನೇಟಿವ್. ಬುಕಿಂಗ್ ಸ್ಥಿತಿ ತೋರಿಸಲು ಸದಾ ತೆರೆದಿಡುವ ಸಂಪರ್ಕವಾದ ವೆಬ್‌ಸಾಕೆಟ್ ಬೇಡ, 30 ಸೆಕೆಂಡಿಗೊಮ್ಮೆ ಕೇಳಿದರೆ ಧಾರಾಳ.

ಮುಂಬಯಿಯ ಡೇಟಾ ಸೆಂಟರ್‌ನಲ್ಲಿ 2 ಜಿಬಿಯ ಒಂದು ಯಂತ್ರ ಶುರುವಿಗೆ ಸಾಕು. ಜಾಂಗೊವನ್ನು ಓಡಿಸುವ ಗುನಿಕಾರ್ನ್ ಸುಮ್ಮನೆ ಓಡಿಸಿದರೆ ಒಂದೇ ವರ್ಕರ್ ಎದ್ದೇಳುತ್ತದೆ, 30 ಸೆಕೆಂಡ್ ಮೀರಿದ ಕೆಲಸವನ್ನು ಕೊಂದುಹಾಕುತ್ತದೆ. ಕೋರ್‌ಗಳ ಎರಡರಷ್ಟಕ್ಕೆ ಒಂದು ಕೂಡಿಸಿದಷ್ಟು ವರ್ಕರ್ ಇಡಿ, ರಸೀದಿಯ ಪಿಡಿಎಫ್ ತಯಾರಿಯನ್ನು ಹಿನ್ನೆಲೆಗೆ ಸರಿಸಿ.

ಯಾವ ಜೋಡಿಯೇ ಆಗಲಿ, ಪೂರ್ತಿ ಒಪ್ಪುವ ಮೊದಲು ಮೂರು ದಿನ ಕೊಟ್ಟು ಒಂದೇ ಪರದೆ ಕಟ್ಟಿ: ಲಾಗಿನ್ ಆಗಿ, ಕನ್ನಡದಲ್ಲಿ ಹೆಸರು ಬರೆದು, ತಾರೀಖು ಆರಿಸಿ, 3 ಎಂಬಿ ಫೋಟೊ ಹಾಕಿ ಬುಕ್ ಮಾಡುವ ಪರದೆ. ಅದನ್ನು ನಿಜವಾದ ಸರ್ವರಿಗೆ ಏರಿಸಿ. ವೈಫೈ ಬಂದ್ ಮಾಡಿ, ಮೊಬೈಲ್ ಡೇಟಾದಲ್ಲಿ, ರಿಲೀಸ್ ಎಪಿಕೆಯಿಂದ ಒಂದು ಬುಕಿಂಗ್, ಐಫೋನಿನ ಸಫಾರಿಯಿಂದ ಇನ್ನೊಂದು ಬುಕಿಂಗ್ ಮಾಡಿ. ಆಮೇಲೆ ಡೇಟಾಬೇಸ್ ತೆರೆದು ಎರಡೂ ಸಾಲುಗಳ ಹೆಸರು, ತಾರೀಖು, ಮೊತ್ತವನ್ನು ಪಕ್ಕಪಕ್ಕ ಇಟ್ಟು ನೋಡಿ.